ಸಂಪಾದಕರು, ರೇಡಿಯೊ ಅಕ್ಕ, ಆರ್‌ಟಿಐ ಅಣ್ಣ: ಊರಿನ ಮಾತುಗಾರರನ್ನು ಕೂರಿಸಿ ಮಾತಾಡಿಸುವುದು ಹೇಗೆ

ನಾನು ಮಾಡಿದ ಮೊದಲ ಸಂದರ್ಶನದ ರೆಕಾರ್ಡಿಂಗ್ ಎರಡು ಗಂಟೆ ಹತ್ತು ನಿಮಿಷ ಇದೆ. ಅದರಲ್ಲಿ ನನ್ನ ದನಿ ಕೇಳುವುದು ಮೂರೇ ಸಲ. ಶುರುವಿಗೆ ‘ನಮಸ್ಕಾರ ಸಾರ್’, ನಡುವೆ ಒಂದು ‘ಹೌದಾ ಸಾರ್’, ಕೊನೆಗೆ ‘ಬರ್ತೀನಿ ಸಾರ್’. ಎದುರಿಗೆ ಕೂತಿದ್ದವರು ಮೈಸೂರಿನ ಒಂದು ಸಣ್ಣ ಪತ್ರಿಕೆಯ ಸಂಪಾದಕರು. ಮಾತಿನ ಮಲ್ಲ. ಎಂಥ ಸಂದರ್ಶನ ಸಿಕ್ಕಿತು ಅಂತ ಬೀಗಿಕೊಂಡು ಮನೆಗೆ ಬಂದಿದ್ದೆ. ಮೂರು ತಿಂಗಳಾದ ಮೇಲೆ ಪತ್ರಿಕಾ ದಿನಾಚರಣೆಗೆ ಹೋದರೆ ಅದೇ ಸಂಪಾದಕರು ವೇದಿಕೆ ಮೇಲೆ ಅದೇ ಕತೆಗಳನ್ನು ಅದೇ ಸಾಲಿನಲ್ಲಿ, ಅದೇ ಜಾಗದಲ್ಲಿ ಒಂದು ಸಲ ಕೆಮ್ಮಿ, ಹೇಳಿ ಮುಗಿಸಿದರು. ನಗಬೇಕಾದ ಜಾಗ ಸಭೆಗೆ ಮೊದಲೇ ಗೊತ್ತಿತ್ತು. ನಾನು ಎರಡು ಗಂಟೆ ಕೂತು ರೆಕಾರ್ಡ್ ಮಾಡಿದ್ದು ಆ ಭಾಷಣದ ರಿಹರ್ಸಲ್.

ಆಮೇಲೆ ಇಂಥ ಇಪ್ಪತ್ತು ಇಪ್ಪತ್ತೈದು ಮಂದಿಯನ್ನು ಮಾತಾಡಿಸಿದ್ದೇನೆ. ಸಂಜೆ ಪತ್ರಿಕೆಯವರು, ಕೇಬಲ್ ಚಾನೆಲ್‌ನಲ್ಲಿ ಊರಿನ ಸುದ್ದಿ ಓದಿ ಫೇಮಸ್ ಆದವರು, ಸಮುದಾಯ ರೇಡಿಯೊದಲ್ಲಿ ಅಡುಗೆಯಿಂದ ಹಿಡಿದು ಪಿಂಚಣಿವರೆಗೆ ಎಲ್ಲ ಹೇಳುವ ಅಕ್ಕಂದಿರು, ಕೆರೆ ಉಳಿಸಿ ಅಂತ ಇಪ್ಪತ್ತು ವರ್ಷದಿಂದ ಅರ್ಜಿ ಹಾಕುತ್ತಿರುವ ಮೇಷ್ಟ್ರು. ಇವರಲ್ಲಿ ಯಾರನ್ನೂ ‘ಮಾತಾಡಿ’ ಅಂತ ಕೇಳಿಕೊಳ್ಳಬೇಕಾಗಿಲ್ಲ. ಕಷ್ಟ ಇರುವುದು ಬೇರೆ ಕಡೆ. ಅವರ ಹತ್ತಿರ ಸಿದ್ಧ ಕತೆಗಳ ಒಂದು ಮೂಟೆ ಇರುತ್ತದೆ. ಅದನ್ನು ಬಿಚ್ಚಿಟ್ಟು ಕಟ್ಟಿಕೊಂಡು ಹೋಗುವುದು ಅವರಿಗೆ ಅಭ್ಯಾಸ. ಮೂಟೆ ಖಾಲಿಯಾದ ಮೇಲೂ ನೀವು ಅಲ್ಲೇ ಕೂತಿರಬೇಕು. ಇಲ್ಲಿ ಬರೆದಿರುವುದೆಲ್ಲ ಅದಕ್ಕೆ ಬೇಕಾದ ಉಪಾಯಗಳು.

1. ಯಾರನ್ನು ಮೊದಲು?

ವಯಸ್ಸಾದವರನ್ನು. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ.

‘ಆಂದೋಲನ’ ಪತ್ರಿಕೆಯನ್ನು 1972ರಲ್ಲಿ ಧಾರವಾಡದಲ್ಲಿ ಶುರು ಮಾಡಿ ಆಮೇಲೆ ಮೈಸೂರಿಗೆ ತಂದ ರಾಜಶೇಖರ ಕೋಟಿಯವರು 2017ರಲ್ಲಿ ಹೋದರು. ಮೈಸೂರಿನಿಂದಲೇ ಹೊರಡುವ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ವನ್ನು ನಡೆಸುತ್ತಿದ್ದ ಸಂಪತ್ ಕುಮಾರ್ 2021ರಲ್ಲಿ ಹೋದರು. ಅದೇ ವರ್ಷ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, 103 ವರ್ಷ ಆಗಿತ್ತು. 2024ರ ಡಿಸೆಂಬರ್‌ನಿಂದ 2025ರ ನವೆಂಬರ್ ಒಳಗೆ ಗಿಡ ಬೆಳೆಸಿದ ತುಳಸಿ ಗೌಡ, ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಸಾಲುಮರದ ತಿಮ್ಮಕ್ಕ ಮೂವರೂ ಇಲ್ಲವಾದರು. ಇವರೆಲ್ಲ ದೊಡ್ಡ ಹೆಸರು, ನೂರಾರು ಜನ ಮಾತಾಡಿಸಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಒಂದೊಂದಾಗಿ ಜೋಡಿಸಿ ಪತ್ರಿಕೆ ತಂದವರನ್ನು ಯಾರೂ ಮಾತಾಡಿಸಿರುವುದಿಲ್ಲ. ‘ಮುಂದಿನ ತಿಂಗಳು ನೋಡೋಣ’ ಅಂತ ನಾನು ಮೂರು ಮನೆ ಬಿಟ್ಟೆ. ಎರಡಕ್ಕೆ ಆಮೇಲೆ ಹೋದದ್ದು ವೈಕುಂಠ ಸಮಾರಾಧನೆಗೆ.

ಇನ್ನೊಂದು ಮಾತು. ಪಟ್ಟಿ ಮಾಡುವಾಗ ಬರೀ ಮುಂದೆ ಕಾಣುವವರನ್ನು ಬರೆದುಕೊಳ್ಳಬೇಡಿ. ಸಂಪಾದಕರ ಜತೆಗೆ ಮೊಳೆ ಜೋಡಿಸುತ್ತಿದ್ದ ಅವರ ಕಂಪೋಸಿಟರ್, ಬೆಳಗಿನ ಜಾವ ಬಂಡಲ್ ಬಸ್ಸಿಗೆ ಹಾಕುತ್ತಿದ್ದ ಹುಡುಗ, ಹೋರಾಟಗಾರರ ಜತೆಗೆ ಅವರ ಮನೆಯವರು. ಯಾಕೆ ಅಂತ ಮುಂದೆ ಹೇಳುತ್ತೇನೆ.

2. ಹೋಗುವ ಮೊದಲು ಓದಿಕೊಂಡು ಹೋಗಿ

ಇಲ್ಲಿ ಸೋಮಾರಿತನ ಮಾಡಿದರೆ ಅವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾದ ತಕ್ಷಣ ಮೂಟೆ ಬಿಚ್ಚುತ್ತಾರೆ, ಆಮೇಲೆ ನೀವು ಏನು ಮಾಡಿದರೂ ಆಗುವುದಿಲ್ಲ.

ಪತ್ರಿಕೆಯವರಾದರೆ ಅವರ ಹಳೆಯ ಸಂಚಿಕೆ ಹತ್ತಾದರೂ ಓದಿ. ನಗರ ಕೇಂದ್ರ ಗ್ರಂಥಾಲಯದಲ್ಲಿ ಇರಬಹುದು, ಇಲ್ಲದಿದ್ದರೆ ಊರಿನ ಯಾವುದಾದರೂ ಹಳೆಯ ಕ್ಷೌರದಂಗಡಿ ಅಥವಾ ನಿವೃತ್ತ ಮೇಷ್ಟ್ರ ಅಟ್ಟದ ಮೇಲೆ ಕಟ್ಟು ಕಟ್ಟಿಟ್ಟಿರುತ್ತಾರೆ. ಸುದ್ದಿಗಿಂತ ಜಾಹೀರಾತು ಗಮನಿಸಿ. ತಾಲ್ಲೂಕು ಪತ್ರಿಕೆ ಬದುಕುವುದು ಟೆಂಡರ್ ನೋಟಿಸು, ಶ್ರದ್ಧಾಂಜಲಿ, ‘ಹುಟ್ಟುಹಬ್ಬದ ಶುಭಾಶಯಗಳು’ ಇವುಗಳ ಮೇಲೆ. ಯಾವ ವಾರ ಯಾರ ಶುಭಾಶಯ ಬಂತು, ಯಾವ ಸುದ್ದಿ ಆದಮೇಲೆ ಯಾರ ಜಾಹೀರಾತು ನಿಂತಿತು ಅಂತ ನೋಡಿದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಲಂಕೇಶರು 1980ರಲ್ಲಿ ಜಾಹೀರಾತೇ ಇಲ್ಲದೆ ಪತ್ರಿಕೆ ನಡೆಸಲು ಹೊರಟಿದ್ದು ಯಾಕೆ ಅಷ್ಟು ದೊಡ್ಡ ಮಾತಾಯಿತು ಅನ್ನುವುದು ಒಂದು ತಾಲ್ಲೂಕು ಪತ್ರಿಕೆಯ ಲೆಕ್ಕದ ಪುಸ್ತಕ ನೋಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ರೇಡಿಯೊದವರಾದರೆ ಎರಡು ಸಂಗತಿ ತಿಳಿದಿರಲಿ. ಸಮುದಾಯ ರೇಡಿಯೊ ಅಂದರೆ ಸಣ್ಣ ಕೇಂದ್ರ, 100 ವ್ಯಾಟ್ ಪ್ರಸಾರ, ಸುತ್ತಮುತ್ತಲಿನ ಊರುಗಳಿಗೆ ಮಾತ್ರ ಕೇಳುತ್ತದೆ. ಸಂಘ ಸಂಸ್ಥೆಗಳಿಗೂ ಇದಕ್ಕೆ ಅನುಮತಿ ಸಿಕ್ಕಿದ್ದು 2006ರಲ್ಲಿ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಗಾಳಿಯಲ್ಲಿ ಬಿಡಲು ಪರವಾನಗಿ ಇಲ್ಲ ಅಂತ ಕೇಬಲ್ ತಂತಿಯಲ್ಲೇ ಕಾರ್ಯಕ್ರಮ ಮನೆಮನೆಗೆ ಕಳಿಸಿದರು. ಎರಡನೆಯದು, ಇವರು ತಮ್ಮದೇ ಸುದ್ದಿ ಓದುವ ಹಾಗಿಲ್ಲ. ಹಾಗಾದರೆ ಊರಲ್ಲಿ ನಲ್ಲಿ ನೀರು ಬರುವುದು ನಿಂತಿದ್ದನ್ನು ರೇಡಿಯೊ ಅಕ್ಕ ಹೇಗೆ ಹೇಳುತ್ತಾರೆ? ಈ ಪ್ರಶ್ನೆ ಕೇಳಿ ನೋಡಿ, ಒಂದು ಗಂಟೆ ಮಾತು ಗ್ಯಾರಂಟಿ. ನಾನು ಮಾತಾಡಿಸಿದ ಒಬ್ಬರು ಅತ್ತೆ ಸೊಸೆ ಜಗಳದ ನಾಟಕ ಮಾಡಿ, ಸೊಸೆ ಕೊಡ ಹಿಡಿದು ಯಾವ ಬೀದಿಗೆ ಹೋದಳು ಅನ್ನುವುದರಲ್ಲೇ ಎಲ್ಲ ತಿಳಿಸಿಬಿಡುತ್ತಿದ್ದರಂತೆ.

ಮಾಹಿತಿ ಹಕ್ಕಿನ (ಆರ್‌ಟಿಐ) ಹೋರಾಟಗಾರರ ಹತ್ತಿರ ಹೋಗುವುದಾದರೆ ಅವರ ಭಾಷೆ ಕಲಿತುಕೊಳ್ಳಿ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ, ಕೊಡದಿದ್ದರೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಮಾಹಿತಿ ಆಯೋಗ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಈ 150 ಪದದ ಮಾತೆತ್ತಿದರೆ ಸಾಕು, ಶಾಂತವಾಗಿ ಕೂತಿದ್ದವರೂ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ‘ಹಿಂಬರಹ’ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಅಂದರೇನು, ‘ಕಡತ ಲಭ್ಯವಿಲ್ಲ’ ಅಂದರೆ ನಿಜವಾಗಿ ಏನು ಅರ್ಥ, ಪೋಸ್ಟಲ್ ಆರ್ಡರ್ ಯಾಕೆ ವಾಪಸ್ ಬರುತ್ತದೆ, ಇವು ಗೊತ್ತಿದ್ದರೆ ನಿಮ್ಮನ್ನು ಒಳಗಿನವರು ಅಂದುಕೊಳ್ಳುತ್ತಾರೆ.

3. ಸಮಯ ಕೇಳುವುದು

ಫೋನ್ ಮಾಡಿ ‘ನಿಮ್ಮ ಸಂದರ್ಶನ ಬೇಕಿತ್ತು ಸಾರ್’ ಅನ್ನಬೇಡಿ. ಸಂದರ್ಶನ ಅಂದ ಕೂಡಲೇ ಇಸ್ತ್ರಿ ಮಾಡಿದ ಷರ್ಟು, ಹಿಂದೆ ಶಾಲು ಮತ್ತು ಮೈಸೂರು ಪೇಟ ಹಾಕಿದ ಫೋಟೊಗಳ ಗೋಡೆ, ನಾಲ್ಕು ಜನ ಅಭಿಮಾನಿಗಳು, ಎಲ್ಲ ರೆಡಿ ಆಗುತ್ತದೆ. ‘ನಿಮ್ಮ ಹಳೆಯ ಪ್ರೆಸ್ ಬಗ್ಗೆ ಕೇಳಬೇಕಿತ್ತು, ಒಂದರ್ಧ ಗಂಟೆ ಬರಲಾ’ ಅಂತ ಕೇಳಿ. ಒಂದು ವಿಷಯ ಹಿಡಿದು ಕೇಳಿದರೆ ಅವರ ತಲೆ ಅದರ ಸುತ್ತ ತಿರುಗಲು ಶುರುವಾಗಿರುತ್ತದೆ.

ಜುಲೈ ತಿಂಗಳು ಪತ್ರಿಕೆಯವರನ್ನು ಬಿಟ್ಟುಬಿಡಿ. 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ನೆನಪಿಗೆ ಅವತ್ತು ಪತ್ರಿಕಾ ದಿನ. ಅವತ್ತಿನಿಂದ ತಿಂಗಳ ಕೊನೆವರೆಗೂ ಒಂದಲ್ಲ ಒಂದು ಸಂಘದ ಕಾರ್ಯಕ್ರಮ ಇರುತ್ತದೆ, ಎಲ್ಲರೂ ಭಾಷಣದ ಗುಂಗಿನಲ್ಲೇ ಇರುತ್ತಾರೆ. ಪರಿಸರದವರಿಗೆ ಜೂನ್ 5ರ ಪರಿಸರ ದಿನದ ಆಜುಬಾಜು ಇದೇ ಕತೆ. ಚುನಾವಣೆ ಹೊತ್ತಿನಲ್ಲಂತೂ ಯಾರ ಮನೆಗೂ ಹೋಗಬೇಡಿ.

ದಿನದಲ್ಲಿ ಯಾವ ಹೊತ್ತು? ಸಂಜೆ ಪತ್ರಿಕೆಯವರು ಮಧ್ಯಾಹ್ನ ಪುಟ ಕಟ್ಟುವವರೆಗೆ ಯಾರ ಕೈಗೂ ಸಿಗುವುದಿಲ್ಲ, ಪೇಪರ್ ಹೊರಗೆ ಹೋದ ಮೇಲಿನ ಒಂದು ಗಂಟೆ ಬಂಗಾರ. ಬೆಳಗಿನ ಪತ್ರಿಕೆಯವರಿಗೆ ಮಧ್ಯಾಹ್ನ ನಿದ್ದೆ ಆದಮೇಲೆ. ಕೆರೆ ಮೇಷ್ಟ್ರು ಥರದವರನ್ನು ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೇ ಹಿಡಿಯಬೇಕು. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾ ಅವರು ಹೇಳಿದ್ದರಲ್ಲಿ ಅರ್ಧವನ್ನೂ ಮನೆಯ ಸೋಫಾದಲ್ಲಿ ಹೇಳಲಿಲ್ಲ. ನೀರು ಎಲ್ಲಿಂದ ಬರುತ್ತಿತ್ತು, ಚರಂಡಿ ಎಲ್ಲಿ ಸೇರಿತು ಅಂತ ಕೋಲಿನಲ್ಲಿ ತೋರಿಸುತ್ತಾ ಹೋದರು.

4. ಫೋನ್, ಫ್ಯಾನ್, ಕುಕ್ಕರ್

ದುಡ್ಡು ಸುರಿಯಬೇಡಿ. ಈಗಿನ ಫೋನ್ ಸಾಕು, ಜತೆಗೆ ಕಾಲರ್‌ಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ಇದ್ದರೆ ಒಳ್ಳೆಯದು. ಹೋಗುವ ಮೊದಲು ಫೋನಿನಲ್ಲಿ ಜಾಗ ನೋಡಿ. ದನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ (WAV) ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 600 ಎಂಬಿ ಬೇಕು, ಕುಗ್ಗಿಸಿ ಇಡುವ ಎಂಪಿ3 ಆದರೆ ಸಾಮಾನ್ಯವಾಗಿ 60 ಎಂಬಿ ಒಳಗೆ ಮುಗಿಯುತ್ತದೆ. ಜಾಗ ಇದ್ದರೆ ದೊಡ್ಡದರಲ್ಲೇ ಮಾಡಿ, ಸಣ್ಣದು ಮಾಡುವುದು ಆಮೇಲೂ ಆಗುತ್ತದೆ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾಕದೆ ನಾನು ಒಂದು ಸಲ ಕೆಟ್ಟೆ. ಒಬ್ಬರು ತಮ್ಮ ಮೇಲೆ ನಡೆದ ಹಲ್ಲೆಯ ಕತೆ ಹೇಳುತ್ತಿದ್ದಾಗ ಸಾಲದ ಆಫರ್ ಕೊಡುವವರ ಕರೆ ಬಂತು, ನಾನು ಕಟ್ ಮಾಡಿದೆ, ರೆಕಾರ್ಡಿಂಗ್ ಅಲ್ಲಿಗೇ ನಿಂತಿತ್ತು. ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಮತ್ತೆ ಹೋಗಿ ಕೇಳಿದೆ, ಹೇಳಿದರು, ಆದರೆ ಮೊದಲ ಸಲ ಹೇಳುವಾಗ ನಿಂತುಹೋಗಿದ್ದ ಜಾಗದಲ್ಲಿ ಎರಡನೇ ಸಲ ನಿಲ್ಲಲಿಲ್ಲ.

ಸದ್ದಿನ ದೊಡ್ಡ ಶತ್ರು ತಲೆ ಮೇಲಿನ ಫ್ಯಾನ್. ಕೂತಾಗ ನಮಗೆ ಕೇಳುವುದೇ ಇಲ್ಲ, ರೆಕಾರ್ಡಿಂಗ್‌ನಲ್ಲಿ ಹೆಲಿಕಾಪ್ಟರ್. ಆಫ್ ಮಾಡಲು ಕೇಳಿ, ಬೇಸಿಗೆ ಆದರೆ ಸುಮ್ನೆ ಮೈಕನ್ನು ಅವರ ಬಾಯಿಗೆ ಇನ್ನಷ್ಟು ಹತ್ತಿರ ಇಡಿ. ಕುಕ್ಕರ್ ಸೀಟಿ, ತರಕಾರಿ ಗಾಡಿ, ಪಕ್ಕದ ಮನೆ ಪೂಜೆ ಗಂಟೆ ಇವು ಇರಲಿ ಬಿಡಿ, ಚೆನ್ನಾಗಿರುತ್ತವೆ. ಟಿವಿ ಮಾತ್ರ ಆರಿಸಲೇಬೇಕು.

ರೆಕಾರ್ಡ್ ಒತ್ತುವ ಮೊದಲು ಕೇಳಿ, ಒತ್ತಿದ ಮೇಲೆ ಇನ್ನೊಮ್ಮೆ ಕೇಳಿ. ‘ಸಾರ್, ಇದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ, ಬರೆದು ಹಾಕಬಹುದಾ, ದನಿಯನ್ನೂ ಹಾಕಬಹುದಾ’ ಅಂತ. ಅವರ ‘ಹೂಂ ಕಣಪ್ಪ, ಹಾಕ್ಕೋ’ ಅನ್ನುವ ಮಾತು ಫೈಲಿನಲ್ಲೇ ಇರುತ್ತದೆ. ದಿನ, ಜಾಗ, ಇಬ್ಬರ ಹೆಸರನ್ನೂ ಅಲ್ಲೇ ಹೇಳಿಬಿಡಿ.

5. ಮೊದಲ ಇಪ್ಪತ್ತು ನಿಮಿಷ ಅವರದ್ದು

ತಡೆಯಬೇಡಿ. ಅವರು ಭಾಷಣ ಮಾಡುತ್ತಾರೆ, ಮಾಡಲಿ. ಮುಖ್ಯಮಂತ್ರಿಗೆ ಎದುರು ನಿಂತು ಹೇಳಿದ್ದು, ಆಫೀಸರು ಬೆವರು ಒರೆಸಿಕೊಂಡಿದ್ದು, ಎಲ್ಲ ಬರಲಿ. ಕೆಲವರು ಇದನ್ನು ವ್ಯರ್ಥ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಅವರು ತಮ್ಮನ್ನು ಜನ ಹೇಗೆ ನೋಡಬೇಕು ಅಂತ ಬಯಸುತ್ತಾರೆ ಅನ್ನುವುದು ಸಿಗುತ್ತದೆ. ಕಾಫಿಯೂ ಅಷ್ಟರಲ್ಲಿ ಬರುತ್ತದೆ. ನೀವು ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಅವರು ಹಾರಿಸಿದ ಜಾಗಗಳನ್ನು. ‘ಆಮೇಲೆ ಪತ್ರಿಕೆ ಒಂದು ವರ್ಷ ನಿಂತಿತ್ತು, ಮತ್ತೆ ಶುರು ಮಾಡಿದೆ’ ಅಂತ ಒಂದೇ ಉಸಿರಿನಲ್ಲಿ ದಾಟಿಸುತ್ತಾರಲ್ಲ, ಆ ಒಂದು ವರ್ಷಕ್ಕೆ ಗೆರೆ ಎಳೆಯಿರಿ. ಆ ವರ್ಷ ಮನೆ ಹೇಗೆ ನಡೆಯಿತು? ಬಾಡಿಗೆ ಯಾರು ಕಟ್ಟಿದರು?

ಕೇಳಬಾರದ ಪ್ರಶ್ನೆಗಳೂ ಇವೆ. ‘ಈ ಕ್ಷೇತ್ರಕ್ಕೆ ಬರಲು ಪ್ರೇರಣೆ ಏನು’, ‘ಇಂದಿನ ಯುವಜನರಿಗೆ ನಿಮ್ಮ ಸಂದೇಶ ಏನು’. ಇವನ್ನು ಕೇಳಿದರೆ ಉತ್ತರ ಬರುತ್ತದೆ, ಬಂದದ್ದು ಯಾವುದಕ್ಕೂ ಬರುವುದಿಲ್ಲ.

ತಿಮ್ಮಕ್ಕನವರನ್ನು ಎಷ್ಟು ಜನ ಕೇಳಿರಬಹುದು, ‘ಎಷ್ಟು ಗಿಡ ನೆಟ್ಟಿರಿ, ಯಾಕೆ ನೆಟ್ಟಿರಿ’ ಅಂತ! 385 ಆಲದ ಮರ, ಮಕ್ಕಳಿರಲಿಲ್ಲ, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆ. ಇಷ್ಟು ಎಲ್ಲರಿಗೂ ಬಾಯಿಪಾಠ. ನನಗೆ ಇಷ್ಟವಾಗುವುದು ಅದರಾಚೆಗಿನ ವಿವರ. ಅವರೂ ಗಂಡ ಚಿಕ್ಕಯ್ಯನವರೂ ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ಮೇಯದ ಹಾಗೆ ಮುಳ್ಳು ಕಡಿದು ಬೇಲಿ ಕಟ್ಟಿದ್ದು. ಈ ಮುಳ್ಳಿನ ಬೇಲಿ ಯಾರೋ ಪುಣ್ಯಾತ್ಮರು ‘ದನ ತಿನ್ನಲಿಲ್ವಾ ಅಮ್ಮ’ ಅಂತ ಕೇಳಿದ್ದರಿಂದಲೇ ಬಂದಿರಬೇಕು ಅಂತ ನನ್ನ ಅನುಮಾನ. ಅಂಥ ಪ್ರಶ್ನೆ ಕೇಳಿ. ದನ ತಿನ್ನಲಿಲ್ವಾ, ದುಡ್ಡು ಎಲ್ಲಿಂದ ಬಂತು, ಮಳೆ ಬಂದಾಗ ಪೇಪರ್ ಎಲ್ಲಿ ಇಟ್ಟಿರಿ, ಧರಣಿ ಕೂತಾಗ ಹೆಂಗಸರು ಶೌಚಕ್ಕೆ ಎಲ್ಲಿಗೆ ಹೋಗುತ್ತಿದ್ದರು.

6. ವಸ್ತು ಕೇಳಿ

ಇಡೀ ಲೇಖನದಲ್ಲಿ ಒಂದೇ ಒಂದು ಉಪಾಯ ಇಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಭಾಷಣ ಸ್ವಲ್ಪ ತಣ್ಣಗಾದಾಗ ಕೇಳಿ: ‘ಅದರದ್ದು ಏನಾದರೂ ಇಟ್ಟುಕೊಂಡಿದ್ದೀರಾ ಸಾರ್?’

ಎದ್ದು ಒಳಗೆ ಹೋಗುತ್ತಾರೆ. ಬೀರು ತೆಗೆದ ಸದ್ದು ಕೇಳುತ್ತದೆ. ಮಂಚದ ಕೆಳಗಿನ ಟ್ರಂಕ್ ಎಳೆಯುತ್ತಾರೆ. ಬರುವಾಗ ಕೈಯಲ್ಲಿ ರೆಕ್ಸಿನ್ ಬ್ಯಾಗು, ದಾರ ಕಟ್ಟಿದ ಕಡತ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಚ್ಚುಮೊಳೆ, ಏನಾದರೂ ಇರುತ್ತದೆ. ಆ ಕ್ಷಣದಿಂದ ಅವರ ದನಿ ಬದಲಾಗುತ್ತದೆ. ಯಾಕೆಂದರೆ ಕೈಯಲ್ಲಿರುವ ಕಾಗದ ಭಾಷಣದ ಜತೆ ಹೊಂದುವುದಿಲ್ಲ. ಒಬ್ಬ ಹೋರಾಟಗಾರರು ‘ಒಂದೇ ಅರ್ಜಿಗೆ ಇಲಾಖೆ ನಡುಗಿತು’ ಅಂತ ಹೇಳುತ್ತಿದ್ದರು. ಕಡತ ತಂದು ಬಿಚ್ಚಿದರೆ ಅದೇ ವಿಷಯಕ್ಕೆ ಹದಿನಾಲ್ಕು ಅರ್ಜಿ, ಒಂಬತ್ತು ಹಿಂಬರಹ. ತಾವೇ ಎಣಿಸಿ ನಕ್ಕರು. ಆಮೇಲೆ ಒಂದೊಂದು ಹಿಂಬರಹಕ್ಕೂ ಒಂದೊಂದು ಕತೆ ಬಂತು. ಯಾವ ಗುಮಾಸ್ತ ಮೆಲ್ಲಗೆ ಹೊರಗೆ ಕರೆದು ‘ಸಾರ್, ಕಡತ ಸಂಖ್ಯೆ ಹಾಕಿ ಕೇಳಿ, ಆಗ ಇಲ್ಲ ಅನ್ನೋಕಾಗಲ್ಲ’ ಅಂತ ಹೇಳಿಕೊಟ್ಟ, ಯಾವ ದಿನ ಬಸ್ಸಿಗೆ ದುಡ್ಡಿಲ್ಲದೆ ಕಚೇರಿಯಿಂದ ನಡೆದು ಬಂದರು, ಎಲ್ಲ. ಭಾಷಣದಲ್ಲಿ ಅವರು ಒಬ್ಬರೇ ಹೀರೊ. ಕಡತದಲ್ಲಿ ಹತ್ತು ಜನ ಇದ್ದರು.

ಕಾಲಿನಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಮೆಷಿನ್ನು ಇಟ್ಟುಕೊಂಡಿರುವ ಹಳೆಯ ಪ್ರೆಸ್ಸಿನವರು ಸಿಕ್ಕರೆ ಅದೃಷ್ಟ. ಮೊಳೆಯ ಪೆಟ್ಟಿಗೆಯಲ್ಲಿ ಯಾವ ಅಕ್ಷರದ ಮನೆ ಎಲ್ಲಿ ಅಂತ ತೋರಿಸಲು ಹೇಳಿ. ಬಾಯಿ ಮರೆತದ್ದನ್ನು ಕೈ ಮರೆತಿರುವುದಿಲ್ಲ. ನನಗೆ ತೋರಿಸಿದವರು ಮೂವತ್ತು ವರ್ಷದ ನಂತರ ಕಣ್ಣುಮುಚ್ಚಿ ತಮ್ಮ ಊರಿನ ಹೆಸರು ಜೋಡಿಸಿದರು, ಒಂದು ಒತ್ತಕ್ಷರ ಮಾತ್ರ ಕೈಗೆ ಸಿಗಲಿಲ್ಲ, ಅದು ಆ ಕಾಲದಲ್ಲೂ ಯಾವಾಗಲೂ ಕಮ್ಮಿ ಬೀಳುತ್ತಿತ್ತಂತೆ. ಅದು ಬೇಡದ ಪದ ಹುಡುಕಿ ತಲೆಬರಹ ಬರೆಯುತ್ತಿದ್ದರಂತೆ!

ವಸ್ತುಗಳ ಫೋಟೊ ಅಲ್ಲೇ ತೆಗೆದುಕೊಳ್ಳಿ, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಬೇಡ. ಮನೆಗೆ ತೆಗೆದುಕೊಂಡು ಹೋಗಿ ಸ್ಕ್ಯಾನ್ ಮಾಡಿ ತರುತ್ತೇನೆ ಅಂತ ಮಾತ್ರ ಹೇಳಬೇಡಿ. ಮೊದಲು ಬಂದವರು ಯಾರೋ ಹಾಗೆ ತೆಗೆದುಕೊಂಡು ಹೋಗಿ ಕೊಟ್ಟಿರುವುದಿಲ್ಲ. ಪ್ರತಿ ಮನೆಯಲ್ಲೂ ಈ ದೂರು ಇದೆ.

7. ಕಷ್ಟದ ಪ್ರಶ್ನೆ

ಕೇಳದೆ ಎದ್ದು ಬಂದರೆ ಸಂದರ್ಶನ ಅರ್ಧ. ಸಣ್ಣ ಪತ್ರಿಕೆಯವರ ಬಗ್ಗೆ ಊರಲ್ಲಿ ‘ದುಡ್ಡು ಕಿತ್ತುಕೊಂಡು ಸುದ್ದಿ ಬಿಡ್ತಾನೆ’ ಅನ್ನುವ ಮಾತಿರುತ್ತದೆ. ಹೋರಾಟಗಾರರ ಬಗ್ಗೆ ‘ಅವನಿಗೆ ಅದೇ ಕಸುಬು’ ಅನ್ನುವ ಮಾತಿರುತ್ತದೆ. ನಿಜವೋ ಸುಳ್ಳೋ, ಅವರಿಗೂ ಅದು ಕಿವಿಗೆ ಬಿದ್ದಿರುತ್ತದೆ. ನಾನು ಎರಡನೇ ಕಾಫಿ ಆದ ಮೇಲೆ, ಊರಿನ ಬಾಯಲ್ಲಿ ಹಾಕಿ ಕೇಳುತ್ತೇನೆ: ‘ನಿಮ್ಮ ಬಗ್ಗೆ ಊರಲ್ಲಿ ಹಿಂಗೂ ಅಂತಾರಲ್ಲ ಸಾರ್, ಏನಂತೀರಿ?’ ಕೇಳಿ ಸುಮ್ಮನಾಗಿ. ಹತ್ತು ಸೆಕೆಂಡ್ ಮೌನ ತುಂಬ ಉದ್ದ ಅನಿಸುತ್ತದೆ, ತಡೆದುಕೊಳ್ಳಿ. ನೀವು ‘ಅಂದ್ರೆ ನನ್ನ ಅಭಿಪ್ರಾಯ ಅಲ್ಲ ಸಾರ್’ ಅಂತ ತುಂಬಿಸಲು ಹೋದರೆ ಮುಗಿಯಿತು.

ಒಬ್ಬರು ಎದ್ದು ಹೋಗಿದ್ದಾರೆ. ಒಬ್ಬರು ‘ಹೌದು, ಒಂದು ಸಲ ತಗೊಂಡೆ, ಮಗಳ ಫೀಸು’ ಅಂದಿದ್ದಾರೆ. ಆ ಮಾತು ಹೇಳಿದವರು ಅರ್ಧ ಗಂಟೆ ಆದಮೇಲೆ ಅದನ್ನು ಬರೆಯಬೇಡ ಅಂದರು. ಬರೆಯಲಿಲ್ಲ. ಇಲ್ಲಿ ಯಾರೆಂದು ಗೊತ್ತಾಗದ ಹಾಗೆ ಹೇಳುವುದಕ್ಕೂ ಮತ್ತೆ ಫೋನ್ ಮಾಡಿ ಕೇಳಿದ್ದೇನೆ. ರೆಕಾರ್ಡಿಂಗ್ ನಿಮ್ಮ ಹತ್ತಿರ ಇದೆ ಅಂದಮಾತ್ರಕ್ಕೆ ಮಾತು ನಿಮ್ಮದಾಗುವುದಿಲ್ಲ. ಅದರಲ್ಲೂ ನಿಮಗೂ ಅವರಿಗೂ ಒಂದೇ ಊರು, ನಾಳೆ ತರಕಾರಿ ಅಂಗಡಿಯಲ್ಲಿ ಎದುರಾಗುತ್ತಾರೆ.

8. ಬಾಗಿಲ ಹತ್ತಿರ ನಿಂತವರು

ಮಾತಿನ ನಡುವೆ ಒಳಗಿನಿಂದ ಒಂದು ದನಿ ಬರುತ್ತದೆ: ‘ಅದು ಆ ವರ್ಷ ಅಲ್ಲ, ದೊಡ್ಡವನು ಎಸ್ಸೆಸ್ಸೆಲ್ಸಿ ಇದ್ದಾಗ.’ ಸಾಹೇಬರು ‘ನೀನು ಸುಮ್ನಿರು’ ಅನ್ನುತ್ತಾರೆ. ನೀವು ಸುಮ್ಮನಿರಬೇಡಿ. ‘ಅಮ್ಮಾ, ಬನ್ನಿ, ಕೂತ್ಕೊಳ್ಳಿ’ ಅನ್ನಿ. ಪೊಲೀಸರು ಬಂದ ರಾತ್ರಿ ಬಾಗಿಲು ತೆರೆದವರು ಅವರು. ಬಂಡಲಿನ ಲೇಬಲ್ ಅಂಟಿಸಿದವರು, ಬಳೆ ಅಡ ಇಟ್ಟವರು, ಬಂದ ಬೆದರಿಕೆ ಫೋನ್ ಎತ್ತಿದವರು ಅವರೇ. ಅವರಿಗೆ ವೇದಿಕೆ ಸಿಕ್ಕಿಲ್ಲ, ಹಾಗಾಗಿ ಸಿದ್ಧ ಕತೆಯೂ ಇಲ್ಲ. ಆಗಿದ್ದು ಆದ ಹಾಗೇ ಬರುತ್ತದೆ.

ಎದುರಿಗೆ ಮಾತಾಡುವುದಕ್ಕೆ ಸಂಕೋಚ ಆದರೆ ಇನ್ನೊಂದು ದಿನ ಅವರನ್ನೇ ನೋಡಲು ಹೋಗಿ. ನಾನು ಹಾಗೆ ಹೋದಾಗ ಒಬ್ಬ ಅಮ್ಮ ಮೊದಲು ಹೇಳಿದ್ದು, ‘ಅವರು ಹೇಳಿದ್ದೆಲ್ಲ ನಿಜಾನೇ ಕಣಪ್ಪ, ಆದ್ರೆ ನಡುವೆ ನಡುವೆ ನಾವೂ ಇದ್ವಿ.’

9. ತಾರೀಕು ನಂಬಬೇಡಿ

ಇವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮೂವತ್ತು ವರ್ಷ ಹೇಳಿ ಹೇಳಿ ಎರಡು ಘಟನೆ ಸೇರಿ ಒಂದಾಗಿರುತ್ತವೆ. ಮೈಸೂರಿನ ಹಳೆ ಕಟ್ಟಡಗಳ ಬಗ್ಗೆ ಓಡಾಡುವ ಒಬ್ಬರು ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಾಗ ನಡೆದ ಸಭೆ, ದೇವರಾಜ ಮಾರುಕಟ್ಟೆ ಕುಸಿದಾಗ ನಡೆದ ಸಭೆ ಎರಡನ್ನೂ ಒಂದೇ ಮಾಡಿ ಹೇಳಿದರು. ಮೊದಲನೆಯದು 2012, ಎರಡನೆಯದು 2016. ಎರಡೂ ಆಗಸ್ಟ್ ಕೊನೆಯಲ್ಲೇ ಆದದ್ದು, ಎರಡರಲ್ಲೂ ಮಳೆ, ಎರಡರಲ್ಲೂ ಕೆಡವುವುದೋ ಉಳಿಸುವುದೋ ಅನ್ನುವ ಜಗಳ. ಬೆರೆಯದೆ ಏನಾಗುತ್ತದೆ? ನಾನು ಹಳೆಯ ಪತ್ರಿಕೆ ತೆಗೆದು ನೋಡಿ ಹೇಳಿದಾಗ ಅವರೇ ‘ಅಯ್ಯೋ, ಹೌದಲ್ಲ’ ಅಂದರು.

ಆದ್ದರಿಂದ ‘ಯಾವ ವರ್ಷ’ ಅಂತ ಕೇಳುವುದಕ್ಕಿಂತ ಆಗ ಮಕ್ಕಳು ಯಾವ ಕ್ಲಾಸು, ಯಾರು ಮುಖ್ಯಮಂತ್ರಿ, ದಸರಾ ಮುಂಚೆಯೋ ಆಮೇಲೋ, ಮನೆಯಲ್ಲಿ ಟಿವಿ ಬಂದಿತ್ತಾ ಅಂತ ಕೇಳಿ. ಹಳಬರ ಹತ್ತಿರ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು, ‘ಆಕಾಶವಾಣಿ’ ಅನ್ನುವ ಹೆಸರು ಆ ಕೇಂದ್ರದ್ದು. ಅದನ್ನು ಕೇಳಿದ್ದೇವೆ ಅನ್ನುವ ಹಿರಿಯರು ಸಿಕ್ಕರೆ ‘ಯಾರ ಮನೆಯ ಸೆಟ್ಟಿನಲ್ಲಿ ಕೇಳಿದಿರಿ’ ಅಂತ ಕೇಳಿ. ಮನೆ ಹೇಳಿದರೆ ಕಾಲವನ್ನು ನಾವೇ ಕಂಡುಕೊಳ್ಳಬಹುದು.

ಬೇರೆಯವರ ಮೇಲೆ ಆರೋಪ ಬಂದರೆ ಹುಷಾರು. ‘ಆ ಕಾರ್ಪೊರೇಟರ್ ತಿಂದ’ ಅಂತ ಅವರು ಹೇಳಿದ್ದನ್ನು ನೀವು ಹಾಗೇ ಹಾಕಿದರೆ, ಹೇಳಿದ್ದು ಅವರು, ನಾನಲ್ಲ ಅಂತ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಪ್ರಕಟಿಸಿದವರೂ ಸಿಕ್ಕಿಕೊಳ್ಳುತ್ತಾರೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಇದೆ. ದಾಖಲೆ ಇದ್ದರೆ ದಾಖಲೆ ಹಾಕಿ, ಆರೋಪ ಹೊತ್ತವರನ್ನೂ ಕೇಳಿ ಬರೆಯಿರಿ, ಇಲ್ಲದಿದ್ದರೆ ಆ ಸಾಲು ಬಿಡಿ. ಸಂಪಾದಕರಿಗೇ ಕೇಳಿ, ಕೋರ್ಟಿಗೆ ಅಲೆದ ಕತೆ ಒಂದು ಡಜನ್ ಹೇಳುತ್ತಾರೆ.

10. ಬರೆಯುವುದು

ಒಂದು ಗಂಟೆ ರೆಕಾರ್ಡಿಂಗ್ ಕೇಳಿ ಬರೆಯಲು ಐದಾರು ಗಂಟೆ ಬೇಕು. ಕಂಪ್ಯೂಟರೇ ಕೇಳಿ ಬರೆದುಕೊಡುವ ಸೌಲಭ್ಯ ಈಗ ಕನ್ನಡಕ್ಕೂ ಇದೆ. ಆದರೆ ಅದು ಮಂಡ್ಯದ ‘ಓಗ್ಬುಟ್ಟು ಬತ್ತೀನಿ’ ಕೇಳಿದರೆ ಕಕ್ಕಾಬಿಕ್ಕಿ. ಮೊದಲ ಕರಡಿಗೆ ಬಳಸಿ, ಆಮೇಲೆ ಕಿವಿಯಿಂದಲೇ ತಿದ್ದಿ.

ಅವರ ಮಾತನ್ನು ಪುಸ್ತಕದ ಕನ್ನಡ ಮಾಡಬೇಡಿ. ‘ಅವನ್ಗೆ ಹೇಳ್ದೆ, ನೋಡಪ್ಪ, ಈ ಕೆರೆ ನಿಮ್ಮಪ್ಪಂದಲ್ಲ’ ಅಂದವರ ಬಾಯಲ್ಲಿ ‘ಕೆರೆಯು ಸಾರ್ವಜನಿಕ ಆಸ್ತಿ ಎಂದು ಅವರಿಗೆ ಮನವರಿಕೆ ಮಾಡಿದೆ’ ಅಂತ ಹಾಕಿದರೆ ಆ ಮನುಷ್ಯ ಅಲ್ಲಿ ಇರುವುದೇ ಇಲ್ಲ. ಹಾಗಂತ ಪ್ರತಿ ಎಳೆತ, ಪ್ರತಿ ‘ಅದೂ ಇದೂ’ ಹಾಕಿ ಗೇಲಿಯ ಥರ ಕಾಣುವ ಹಾಗೂ ಮಾಡಬಾರದು. ಒಂದು ಪ್ಯಾರಾಕ್ಕೆ ಎರಡು ಮೂರು ಕಡೆ ಅವರ ಉಚ್ಚಾರ ಉಳಿದರೆ ಓದುವವರ ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಮಂಗಳೂರಿನ ಕಡೆ ಮಾಡುವವರಿಗೆ ಇನ್ನೊಂದು ಗಮನಿಕೆ. ಅಲ್ಲಿ ‘ರೇಡಿಯೊ ಸಾರಂಗ್’ ಕನ್ನಡದ ಜತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಅಂಥ ಊರಲ್ಲಿ ಮಾತಿನ ನಡುವೆ ಭಾಷೆ ಬದಲಾದರೆ ಬದಲಾಗಲು ಬಿಡಿ, ಯಾವ ಮಾತಿಗೆ ಯಾವ ಭಾಷೆಗೆ ಹೋದರು ಅನ್ನುವುದೇ ಒಂದು ವಿಷಯ.

ಹಾಕುವ ಮೊದಲು ತೋರಿಸಬೇಕಾ? ಪತ್ರಿಕೆಯವರು ಬೇಡ ಅನ್ನುತ್ತಾರೆ, ಅವರ ಕಸುಬಿನಲ್ಲಿ ಅದು ರೂಢಿ ಇಲ್ಲ. ನಾನು ತೋರಿಸುತ್ತೇನೆ, ಹೆಸರು ತಾರೀಕು ತಪ್ಪಿದ್ದರೆ ತಿದ್ದಿಸಿಕೊಳ್ಳುವ ಮಟ್ಟಿಗೆ. ‘ಈ ಸಾಲು ಸ್ವಲ್ಪ ಜೋರಾಗಿ ಬರಲಿ’ ಅಂದರೆ ನಕ್ಕು ಬಿಟ್ಟುಬಿಡುತ್ತೇನೆ.

11. ಇಟ್ಟುಕೊಳ್ಳುವುದು, ಕೊಟ್ಟುಬರುವುದು

ಫೈಲಿಗೆ ಹೆಸರು ಇಡುವಾಗ ವರ್ಷ, ತಿಂಗಳು, ದಿನ, ಊರು, ಹೆಸರು ಈ ಸಾಲಿನಲ್ಲಿ ಇಡಿ. ‘ನ್ಯೂ ರೆಕಾರ್ಡಿಂಗ್ 47’ ಅಂತ ಬಿಟ್ಟರೆ ಎರಡು ವರ್ಷದ ನಂತರ ನಿಮಗೇ ತಿಳಿಯುವುದಿಲ್ಲ. ಮೂರು ಕಡೆ ಇರಲಿ. ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಇಂಟರ್ನೆಟ್‌ನಲ್ಲಿ ಒಂದು. ಒಪ್ಪಿಗೆ ಇದ್ದರೆ ಇಂಟರ್ನೆಟ್ ಆರ್ಕೈವ್‌ಗೆ ಹಾಕಬಹುದು, ಖರ್ಚಿಲ್ಲ.

ಕೊನೆಯ ಕೆಲಸ, ಒಂದು ಪೆನ್‌ಡ್ರೈವ್ ಅವರ ಮನೆಗೆ. ಬರೆದದ್ದರ ಪ್ರಿಂಟೂ ಇರಲಿ, ಅಕ್ಷರ ದಪ್ಪ ಇರಲಿ. ನನ್ನ ಮೊದಲ ಸಂಪಾದಕರಿಗೆ ಎರಡನೇ ಸುತ್ತು ಮಾತಾಡಿಸಿ ಬರೆದದ್ದನ್ನು ಹಾಗೆ ಕೊಟ್ಟು ಬಂದೆ. ಕನ್ನಡಕ ಹಾಕಿಕೊಂಡು ನನ್ನೆದುರೇ ಪೂರ್ತಿ ಓದಿದರು. ಏನೂ ಹೇಳಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡನೇ ಪುಟದಲ್ಲಿ ಒಂದು ಅಕ್ಷರದ ಕೆಳಗೆ ಗೆರೆ ಎಳೆದು, ‘ಇಲ್ಲಿ ಅಲ್ಪಪ್ರಾಣ ಅಲ್ಲ ಕಣಯ್ಯ, ಮಹಾಪ್ರಾಣ’ ಅಂದರು. ಆಮೇಲೆ ಒಳಗೆ ತಿರುಗಿ ಇನ್ನೊಂದು ಕಾಫಿ ಹೇಳಿದರು.